‘ಯೆಸ್ ಸರ್’ ಅಂದರೆ ಸಾಲದು: ಹಡಗಿನ ಸೇಫ್ಟಿ ಆಫೀಸರ್ ತರಬೇತಿ

ಹಡಗಿನಲ್ಲಿ ಸೇಫ್ಟಿ ಆಫೀಸರ್ ಅಂತ ಬೇರೆ ಒಬ್ಬರನ್ನು ತಂದು ಕೂರಿಸುವುದು ಅಪರೂಪ. ಹೆಚ್ಚಿನ ಹಡಗುಗಳಲ್ಲಿ ಕ್ಯಾಪ್ಟನ್ ನಂತರದ ಡೆಕ್ ಅಧಿಕಾರಿಯಾದ ಚೀಫ್ ಆಫೀಸರ್ ಹೆಗಲಿಗೇ ಆ ಕೆಲಸವೂ ಬೀಳುತ್ತದೆ. ಸರಕು ತುಂಬುವುದು, ಇಳಿಸುವುದು, ಹಡಗಿನ ಸಮತೋಲಕ್ಕೆ ತುಂಬುವ ನೀರಿನ, ಅಂದರೆ ಬ್ಯಾಲಸ್ಟ್‌ನ ಲೆಕ್ಕ, ಡೆಕ್ ಸಿಬ್ಬಂದಿಗೆ ಕೆಲಸ ಹಂಚುವುದು, ಹಡಗು ನಡೆಸುವ ಕೋಣೆಯಾದ ಬ್ರಿಡ್ಜಿನಲ್ಲಿ ತನ್ನ ಪಾಳಿಯ ವಾಚ್. ಇಷ್ಟರ ಜೊತೆಗೆ ಎಲ್ಲರೂ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ. ನಾನು ಸೆಕೆಂಡ್ ಆಫೀಸರ್ ಆಗಿದ್ದೆ. ಬಡ್ತಿ ಹತ್ತಿರ ಬಂದಾಗ ಕಂಪನಿ ನನ್ನನ್ನು ಸೇಫ್ಟಿ ಆಫೀಸರ್ ಕೋರ್ಸ್‌ಗೆ ಕಳಿಸಿತು. ಅಲ್ಲಿ ಕಲಿತದ್ದನ್ನೂ, ಆಮೇಲೆ ಕಲ್ಲಿದ್ದಲು, ಧಾನ್ಯದಂಥ ಸರಕನ್ನು ಸುರಿದು ಸಾಗಿಸುವ ಬಲ್ಕ್ ಕ್ಯಾರಿಯರ್ ಒಂದರಲ್ಲಿ ಆ ಕೆಲಸ ಮಾಡುವಾಗ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಈ ದಾರಿಯಲ್ಲಿ ಬರುತ್ತಿರುವ ಜೂನಿಯರ್ ಆಫೀಸರ್‌ಗಳಿಗೆ ಉಪಯೋಗವಾಗಬಹುದು.

ತರಗತಿಯಲ್ಲಿ ನಾನಾ ಬಗೆಯ ಹಡಗುಗಳಿಂದ ಬಂದವರಿದ್ದರು. ಟ್ಯಾಂಕರ್‌ನವರು, ಕಂಟೇನರ್ ಹಡಗಿನವರು, ಇಬ್ಬರು ಎಂಜಿನಿಯರ್‌ಗಳು. ಪಾಠ ಮಾಡಿದವರು ಬಹಳ ವರ್ಷ ಹಡಗು ನಡೆಸಿದ ಕ್ಯಾಪ್ಟನ್. ಮೊದಲ ದಿನ ಅವರು ನಿಯಮದ ಪುಸ್ತಕ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ವಾಹನ ಸಾಗಿಸುವ ಫೆರಿಯ ಚಿತ್ರ ಬರೆದರು. ಮುಂಭಾಗದ ಬಾಗಿಲಿಗೆ ಗುರುತು ಹಾಕಿ, “ಇದು ಮುಚ್ಚಿಲ್ಲ ಅನ್ನುವುದು ಯಾರಿಗೆ ಗೊತ್ತಿತ್ತು?” ಅಂತ ಕೇಳಿದರು.

ಅದು ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರೂಗ್ ಬಂದರು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮಗುಚಿತು. 193 ಜನ ಸತ್ತರು. ಮುಂಭಾಗದ ಬಾಗಿಲು ತೆರೆದೇ ಇತ್ತು, ವಾಹನಗಳ ಡೆಕ್‌ಗೆ ನೀರು ನುಗ್ಗಿತು. ಇಷ್ಟು ನಮಗೆಲ್ಲ ಗೊತ್ತಿದ್ದದ್ದೇ. ಅದರ ಹಿಂದೆ ಏನು ನಡೆದಿತ್ತು ಅನ್ನುವುದನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು. ಬಾಗಿಲು ಮುಚ್ಚಬೇಕಾದ ಅಸಿಸ್ಟೆಂಟ್ ಬೋಸನ್, ಅಂದರೆ ಡೆಕ್ ಸಿಬ್ಬಂದಿಯ ಮೇಸ್ತ್ರಿಯ ಸಹಾಯಕ, ತನ್ನ ಕ್ಯಾಬಿನ್‌ನಲ್ಲಿ ನಿದ್ದೆ ಹೋಗಿದ್ದರು. ಕೊನೆಗೆ ಆ ಡೆಕ್ ಬಿಟ್ಟು ಹೋದ ಬೋಸನ್‌ಗೆ ಬಾಗಿಲು ಮುಚ್ಚುವುದು ತನ್ನ ಕೆಲಸ ಅನ್ನಿಸಲಿಲ್ಲ. ಹಡಗು ಹೊರಡುವ ಹೊತ್ತಿಗೆ ಬ್ರಿಡ್ಜಿನಲ್ಲೂ ಇರಬೇಕು ಅನ್ನುವ ಒತ್ತಡ ಚೀಫ್ ಆಫೀಸರ್ ಮೇಲಿತ್ತು. ಬ್ರಿಡ್ಜಿನಿಂದ ಕ್ಯಾಪ್ಟನ್‌ಗೆ ಬಾಗಿಲು ಕಾಣುತ್ತಿರಲಿಲ್ಲ. ತೊಂದರೆ ಇದೆ ಅಂತ ಯಾರೂ ಹೇಳದಿದ್ದರೆ ಎಲ್ಲ ಸರಿಯಿದೆ ಅಂದುಕೊಂಡು ಹೊರಡುವುದೇ ಅಲ್ಲಿನ ಪದ್ಧತಿ. ಬ್ರಿಡ್ಜಿನಲ್ಲಿ ಒಂದು ಸೂಚಕ ದೀಪ ಹಾಕಿಕೊಡಿ ಅಂತ ಮೊದಲೇ ಕ್ಯಾಪ್ಟನ್‌ಗಳು ಕೇಳಿದ್ದರು. ದಡದಲ್ಲಿದ್ದವರು ಅದನ್ನು ಲಘುವಾಗಿ ತಳ್ಳಿಹಾಕಿದ್ದರು.

ಈ ದುರಂತದ ತನಿಖೆಯೇ ಮುಂದೆ ಐಎಸ್‌ಎಂ ಕೋಡ್‌ಗೆ, ಅಂದರೆ ಹಡಗುಗಳ ಸುರಕ್ಷಿತ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿಗೆ, ದೊಡ್ಡ ಪ್ರೇರಣೆಯಾಯಿತು. 1990ರಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ಬೆಂಕಿ ಬಿದ್ದು 159 ಜನ ಸತ್ತದ್ದು ಆ ಕೆಲಸಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ವಿಶ್ವಸಂಸ್ಥೆಯ ಹಡಗು ಸಂಸ್ಥೆಯಾದ ಐಎಂಒ 1993ರಲ್ಲಿ ಕೋಡ್ ಒಪ್ಪಿಕೊಂಡಿತು. 1998ರ ಜುಲೈ 1ರಿಂದ ಪ್ರಯಾಣಿಕರ ಹಡಗು, ಟ್ಯಾಂಕರ್, ಬಲ್ಕ್ ಕ್ಯಾರಿಯರ್‌ಗಳಿಗೆ ಕಡ್ಡಾಯ. ಉಳಿದ ಸರಕು ಹಡಗುಗಳಿಗೆ 2002ರಿಂದ. ದಡದಲ್ಲಿ ಡಿಪಿಎ ಅಂತ ಒಬ್ಬರಿರುತ್ತಾರಲ್ಲ, ಹಡಗಿನವರ ಮಾತನ್ನು ಕಂಪನಿಯ ಅತಿ ಮೇಲಿನವರಿಗೆ ನೇರವಾಗಿ ಮುಟ್ಟಿಸುವವರು, ಆ ಹುದ್ದೆ ಹುಟ್ಟಿದ್ದೂ ಇದರಿಂದಲೇ. ವರ್ಷಗಟ್ಟಲೆ ನಾನು ಗೋಡೆಯ ಮೇಲೆ ಡಿಪಿಎ ಫೋನ್ ನಂಬರ್ ನೋಡಿದ್ದೆ. ಅದು ಯಾಕೆ ಅಲ್ಲಿದೆ ಅನ್ನುವುದು ಆ ದಿನ ಮನಸ್ಸಿಗೆ ತಟ್ಟಿತು.

ಕೋರ್ಸ್ ಉದ್ದಕ್ಕೂ ಕ್ಯಾಪ್ಟನ್ ಇದೇ ಪ್ರಶ್ನೆಗೆ ಮರಳಿ ಬರುತ್ತಿದ್ದರು. ಯಾರಿಗೆ ಗೊತ್ತಿತ್ತು? ಅವರು ಯಾಕೆ ಹೇಳಲಿಲ್ಲ?

ರಿಸ್ಕ್ ಅಸೆಸ್‌ಮೆಂಟ್ ಪಾಠ ಎಲ್ಲರಿಗೂ ಗೊತ್ತಿರುವ ಫಾರ್ಮಿನಿಂದಲೇ ಶುರುವಾಯಿತು. ಅಪಾಯ ಎಷ್ಟು ಸಂಭವನೀಯ, ಸಂಭವಿಸಿದರೆ ಪೆಟ್ಟು ಎಷ್ಟು ದೊಡ್ಡದು, ಎರಡರ ಅಂಕಿಯನ್ನೂ ಗುಣಿಸಿ ಅದಕ್ಕೆ ತಕ್ಕ ಬಣ್ಣ ಹಚ್ಚುವುದು, ಹಸಿರು ಅಂದರೆ ಅಪಾಯ ಕಡಿಮೆ. ನಮ್ಮ ಗುಂಪಿಗೆ ಕೊಟ್ಟ ಕೆಲಸ ಕ್ರೇನಿನ ತುದಿಯಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುವುದು. ಎಲ್ಲರೂ ಮೊದಲು ಬರೆದದ್ದು ಹೆಲ್ಮೆಟ್, ಹಾರ್ನೆಸ್, ಕನ್ನಡಕ. ಕ್ಯಾಪ್ಟನ್ ಅಷ್ಟನ್ನೂ ಅಳಿಸಿದರು. “ಇವೆಲ್ಲ ಕೊನೆಗೆ ಬರೆಯೋಣ. ಮೊದಲು ಹೇಳಿ, ಮೇಲೆ ಯಾರಾದರೂ ಹತ್ತಲೇಬೇಕಾ?” ಕ್ರೇನ್ ಕೆಳಗಿಳಿಸಿ ಡೆಕ್ ಮಟ್ಟದಲ್ಲೇ ಅರ್ಧ ಕೆಲಸ ಮುಗಿಸಬಹುದು. ಉಳಿದದ್ದನ್ನು ಹಡಗನ್ನು ನೀರಿನಿಂದ ತೆಗೆದು ದುರಸ್ತಿ ಮಾಡುವ ಡ್ರೈಡಾಕ್‌ಗೆ ಬಿಡಬಹುದು. ಅಪಾಯವನ್ನೇ ತೆಗೆದುಹಾಕಲು ಆಗುತ್ತಾ, ಬೇರೆ ವಿಧಾನ ಇದೆಯಾ, ತಡೆ ಕಟ್ಟಬಹುದಾ, ಕೆಲಸದ ಕ್ರಮ ಬದಲಿಸಬಹುದಾ, ಇವೆಲ್ಲ ಆದ ಮೇಲೆ ಮೈಮೇಲೆ ಹಾಕುವ ಸಾಮಾನು. ಕ್ರಮ ಎಲ್ಲ ಪುಸ್ತಕಗಳಲ್ಲೂ ಇದೆ. ಹಡಗಿನಲ್ಲಿ ಮಾತ್ರ ನಾವು ತಳದಿಂದ ಶುರು ಮಾಡುತ್ತೇವೆ. ಕೆಲಸ ಮಾಡುವುದು ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಹಸಿರು ಬರುವವರೆಗೆ ಅಂಕಿ ಇಳಿಸುವುದನ್ನು ನಾನು ಹಲವು ಹಡಗುಗಳಲ್ಲಿ ನೋಡಿದ್ದೇನೆ. ಅಂಥ ಫಾರ್ಮಿನಿಂದ ಯಾರ ಜೀವವೂ ಉಳಿಯುವುದಿಲ್ಲ.

ಮೂರಿಂಗ್, ಅಂದರೆ ಹಡಗನ್ನು ಹಗ್ಗದಿಂದ ದಡಕ್ಕೆ ಕಟ್ಟುವುದರ ಬಗ್ಗೆ, ಒಂದು ಬೆಳಗ್ಗೆ ಪೂರ್ತಿ ಹೋಯಿತು. ಬಿಗಿದ ಹಗ್ಗ ತುಂಡಾದರೆ ಎಳೆತದಲ್ಲಿದ್ದ ಶಕ್ತಿಯೆಲ್ಲ ಒಮ್ಮೆಗೇ ಹೊರಬಂದು ತುದಿ ಹಿಂದಕ್ಕೆ ಬೀಸುತ್ತದೆ. 2015ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನಲ್ಲಿ ಝರ್ಗಾ ಎಂಬ, ದ್ರವೀಕೃತ ನೈಸರ್ಗಿಕ ಅನಿಲ (ಎಲ್‌ಎನ್‌ಜಿ) ಸಾಗಿಸುವ ಹಡಗಿನಲ್ಲಿ ಹೀಗೇ ಆಗಿ ಡೆಕ್ ಆಫೀಸರ್ ಒಬ್ಬರ ತಲೆಗೆ ತೀವ್ರ ಪೆಟ್ಟಾಯಿತು. ಆ ಹಗ್ಗ ಹೆಚ್ಚು ಹಿಗ್ಗದ ಹೊಸ ಬಗೆಯದು. ಹಿಗ್ಗದ ಹಗ್ಗ ಬೀಸುವುದೂ ಕಡಿಮೆ ಅನ್ನುವ ನಂಬಿಕೆ ಎಲ್ಲೆಡೆ ಇತ್ತು. ಆದರೆ ಅದರ ತುದಿಗೆ ಹಿಗ್ಗುವ ಇನ್ನೊಂದು ತುಂಡು ಜೋಡಿಸಿರುತ್ತಾರೆ. ಶಕ್ತಿ ಅಲ್ಲಿ ಸೇರಿಕೊಳ್ಳುತ್ತದೆ. ಡೆಕ್ ಮೇಲೆ ಹಳದಿ ಬಣ್ಣದಲ್ಲಿ ಅಪಾಯದ ಜಾಗ ಬರೆಯಬಾರದು ಅಂತ ನಾವಿಕರ ಸುರಕ್ಷಿತ ಕೆಲಸದ ಕೈಪಿಡಿಯಾದ ಬ್ರಿಟನ್ನಿನ ಸೇಫ್ ವರ್ಕಿಂಗ್ ಪ್ರಾಕ್ಟಿಸಸ್ ಕೋಡ್ ಈಗ ಹೇಳುತ್ತದೆ. ಗೆರೆ ಇದ್ದರೆ ಅದರಾಚೆ ನಿಂತವರು ತಾವು ಸುರಕ್ಷಿತ ಅಂದುಕೊಳ್ಳುತ್ತಾರೆ. ಹಗ್ಗ ಬಿಗಿಯಾಗಿರುವಾಗ ಮೂರಿಂಗ್ ಡೆಕ್ ಇಡೀ ಅಪಾಯದ ಜಾಗವೇ.

ಇನ್ನು ಮುಚ್ಚಿದ ಜಾಗಗಳ ತರಬೇತಿ. ಅಂದರೆ ಟ್ಯಾಂಕ್, ಖಾಲಿ ಕೋಣೆ, ಲಂಗರಿನ ಸರಪಳಿ ಇಡುವ ಚೈನ್ ಲಾಕರ್, ಸರಕು ತುಂಬುವ ಹೋಲ್ಡ್‌ಗೆ ಇಳಿಯುವ ಏಣಿಯ ಗೂಡು. ನನ್ನ ಮಟ್ಟಿಗೆ ಇಡೀ ಕೋರ್ಸ್‌ನ ತಿರುಳು ಇದೇ.

ಗಾಳಿಯಲ್ಲಿ ಆಮ್ಲಜನಕ ಸುಮಾರು 20.9%. ಖಾಲಿ ಬ್ಯಾಲಸ್ಟ್ ಟ್ಯಾಂಕಿನಲ್ಲಿ ವಿಷವೇನೂ ಇರಬೇಕಾಗಿಲ್ಲ. ಗೋಡೆಯ ಉಕ್ಕು ತುಕ್ಕು ಹಿಡಿಯುತ್ತಾ ಒಳಗಿನ ಆಮ್ಲಜನಕವನ್ನು ಸುಮ್ನೆ ತಿಂದುಬಿಡುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ, ವುಡ್ ಪೆಲೆಟ್, ಕಬ್ಬಿಣದ ಗುಜರಿ, ಇವೂ ಹಾಗೆಯೇ. ಕಲ್ಲಿದ್ದಲು ಮೀಥೇನ್ ಬಿಡಬಹುದು, ಪೆಲೆಟ್‌ನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಆಮ್ಲಜನಕ ತೀರಾ ಕಡಿಮೆಯಿದ್ದಾಗ ಕೆಲವು ಉಸಿರಿನಲ್ಲೇ ಪ್ರಜ್ಞೆ ಹೋಗುತ್ತದೆ. ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಇಳಿಯುತ್ತಿದ್ದವರು ಏಣಿಯಿಂದ ಕೈ ಬಿಡುತ್ತಾರೆ, ಅಷ್ಟೇ.

ಗ್ಯಾಸ್ ಮೀಟರ್ ಬಳಸಲು ಎಲ್ಲರಿಗೂ ಬರುತ್ತದೆ ಅಂದುಕೊಂಡಿರುತ್ತೇವೆ. ಆ ಅಂಕಿಗಳು ಏನು ಹೇಳುತ್ತವೆ ಅನ್ನುವುದನ್ನು ಅಲ್ಲಿ ನಿಧಾನವಾಗಿ ಕಲಿಸಿದರು. ಆಮ್ಲಜನಕ 20.9ರಿಂದ 19.9ಕ್ಕೆ ಇಳಿದಿದೆ ಅನ್ನಿ. ಒಂದು ಅಂಕಿ ಕಮ್ಮಿ, ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಅದು ಬೇರೆ ಅನಿಲ ನುಗ್ಗಿದ್ದರಿಂದ ಇಳಿದಿದ್ದರೆ, ಆ ಅನಿಲ ಒಳಗೆ ಸುಮಾರು 5% ಇದೆ ಎಂದಾಯಿತು. ಹತ್ತಿರ ಹತ್ತಿರ 50,000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 50,000 ಭಾಗ. ವಿಷದ ಅನಿಲವಾದರೆ ಅದರ ಸಣ್ಣ ಪಾಲೂ ಕೊಲ್ಲಲು ಸಾಕು. ಇನ್ನೊಂದು ಮಾತು. ಬೆಂಕಿ ಹತ್ತುವ ಅನಿಲ ಅಳೆಯುವ ಸಾಮಾನ್ಯ ಸೆನ್ಸರ್ ಕೆಲಸ ಮಾಡಲು ಅದಕ್ಕೇ ಆಮ್ಲಜನಕ ಬೇಕು. ಆಮ್ಲಜನಕ ಕಡಿಮೆಯಿದ್ದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಮೊದಲು ಆಮ್ಲಜನಕದ ಅಂಕಿ ನೋಡಬೇಕು. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂದರೆ ಅನಿಲ ಹೋಯಿತು ಅಂತಲ್ಲ. ಮೀಟರ್‌ನ ಪೈಪ್ ಇಳಿಸಿ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ಒಳಗಿನ ಗಾಳಿ ಪೈಪ್ ಹತ್ತಿ ಮೀಟರ್‌ವರೆಗೆ ಬರಲು ಸಮಯ ಬೇಕು, ಅಷ್ಟು ಹೊತ್ತು ಕಾಯಬೇಕು. ಐಎಂಒ 2011ರ ಶಿಫಾರಸಿನಲ್ಲಿ ಹೇಳಿದ ಮಟ್ಟ: ಆಮ್ಲಜನಕ 21%, ಬೆಂಕಿ ಹತ್ತುವ ಅನಿಲ ಅದು ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ 1% ಮೀರಬಾರದು, ವಿಷದ ಅನಿಲ ಕೆಲಸದ ಜಾಗದಲ್ಲಿ ಅದಕ್ಕೆ ಇಟ್ಟಿರುವ ಮಿತಿಯ ಅರ್ಧ ದಾಟಬಾರದು.

ಆಮೇಲೆ ಅಣಕು ಟ್ಯಾಂಕ್. ಉಕ್ಕಿನ ಕೋಣೆ, ಒಳಗೆ ಕತ್ತಲೆ, ಕೃತಕ ಹೊಗೆ, ತಳದಲ್ಲಿ ದೊಡ್ಡವರ ತೂಕದ ಗೊಂಬೆ. ಬಾಯಿ ನಿಜವಾದ ಮ್ಯಾನ್‌ಹೋಲ್ ಅಳತೆಯದೇ, 600 ಮಿಲಿಮೀಟರ್ ಚಚ್ಚೌಕದ್ದು. ಬೆನ್ನಿಗೆ ಗಾಳಿ ಸಿಲಿಂಡರ್ ಹಾಕಿಕೊಂಡು ಅದರಲ್ಲಿ ತೂರುವುದೇ ಕಷ್ಟ. ಇನ್ನು ಗೊಂಬೆಯನ್ನು ಹೊರಗೆ ಎಳೆಯುವುದಂತೂ ನಾಲ್ಕು ಜನ ಬೆವರಿಳಿಸಿ ಮಾಡುವ ಕೆಲಸ. ಸಿಲಿಂಡರ್‌ನಲ್ಲಿ ಸುಮಾರು ಅರ್ಧ ಗಂಟೆಯ ಗಾಳಿ. ಜೋರು ಕೆಲಸ ಮಾಡಿದರೆ ಅಷ್ಟೂ ಬರುವುದಿಲ್ಲ.

ಕ್ಯಾಪ್ಟನ್ ನಮಗೆ ತಿಳಿಯದಂತೆ ಒಬ್ಬ ಸಹಪಾಠಿಗೆ ಗುಟ್ಟಾಗಿ ಹೇಳಿದ್ದರು: ಅಲಾರಂ ಆದ ಕೂಡಲೇ ನೀನು ಏನೂ ಹಾಕಿಕೊಳ್ಳದೆ ಒಳಗೆ ಓಡು. ಅವನು ಹಾಗೇ ಮಾಡಿದ. ಎಲ್ಲರೂ ಗೊಂಬೆಯ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಅಟೆಂಡೆಂಟ್ ಆಗಿ ನಿಂತಿದ್ದ ಹುಡುಗಿ, ಥರ್ಡ್ ಆಫೀಸರ್, ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಅವನ ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದಳು. ಅವನು ಅವಳಿಗಿಂತ ಸೀನಿಯರ್, ಮೈಯಲ್ಲೂ ದೊಡ್ಡವನು. “ನೀವು ಒಳಗೆ ಹೋದರೆ ಇಬ್ಬರನ್ನು ಎಳೆಯಬೇಕಾಗುತ್ತೆ ಸರ್,” ಅಂದಳು. ಕ್ಯಾಪ್ಟನ್ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಮುಚ್ಚಿದ ಜಾಗದಲ್ಲಿ ಒಬ್ಬರು ಬಿದ್ದಾಗ ಕಾಪಾಡಲು ಓಡಿದವರೂ ಪಕ್ಕದಲ್ಲೇ ಬಿದ್ದ ಅಪಘಾತಗಳು ಒಂದೆರಡಲ್ಲ. ಪ್ರೀತಿಯಿಂದ, ಗಾಬರಿಯಿಂದ ಓಡುತ್ತಾರೆ. ಆ ಓಟವನ್ನು ತಡೆಯುವ ಅಧಿಕಾರ ಬಾಗಿಲಲ್ಲಿ ನಿಂತವರಿಗೆ ಇದೆ ಅನ್ನುವುದು ಹಡಗಿನ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಎರಡು ತಿಂಗಳಿಗೊಮ್ಮೆ ಇಂಥ ಡ್ರಿಲ್ ಮಾಡಬೇಕು ಅಂತ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ 2015ರಿಂದ ಕಡ್ಡಾಯ ಮಾಡಿದೆ. ನಾನೀಗ ನನ್ನ ಡ್ರಿಲ್‌ಗಳಲ್ಲಿ ಹಾಗೆ ಓಡುವವನನ್ನು ಗುಟ್ಟಾಗಿ ನೇಮಿಸುತ್ತೇನೆ.

ತನಿಖೆಯ ಪಾಠಕ್ಕೆ ಒಂದು ಸಣ್ಣ ಅಪಘಾತ ಕೊಟ್ಟರು. ಏಣಿಯಿಂದ ಜಾರಿ ಒಬ್ಬ ಎ.ಬಿ.ಗೆ, ಅಂದರೆ ಅನುಭವಿ ನಾವಿಕನಿಗೆ, ಮಣಿಕಟ್ಟು ಮುರಿದಿದೆ. ವರದಿಯಲ್ಲಿ ಒಂದೇ ಷರತ್ತು: ಅಜಾಗರೂಕತೆ ಅಂತ ಬರೆಯುವಂತಿಲ್ಲ. ಆ ಉತ್ತರ ಕಿತ್ತುಕೊಂಡ ಮೇಲೆ ನಿಜವಾದ ಹುಡುಕಾಟ ಶುರುವಾಯಿತು. ಮೆಟ್ಟಿಲ ಮೇಲೆ ಹೈಡ್ರಾಲಿಕ್ ಎಣ್ಣೆ. ಅದು ಎಲ್ಲಿಂದ ಬಂತು? ಸೋರುವ ಪೈಪ್. ಗೊತ್ತಿತ್ತಾ? ಒಂದು ತಿಂಗಳಿನಿಂದ. ಬಿಡಿಭಾಗ ಕೇಳಿದ್ದರಾ? ಕೇಳಿದ್ದರು, ಉತ್ತರ ಬಂದಿರಲಿಲ್ಲ. ಲೈಟ್ ಕೆಟ್ಟಿತ್ತು. ಬಿದ್ದವನ ವಿಶ್ರಾಂತಿ ಪಟ್ಟಿ ಮಾತ್ರ ಅಚ್ಚುಕಟ್ಟು. 24 ಗಂಟೆಗೆ 10, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕು ಅನ್ನುವ ನಿಯಮಕ್ಕೆ ಒಂದು ನಿಮಿಷವೂ ಕಮ್ಮಿಯಿಲ್ಲ. ಡೆಕ್ ಲಾಗ್ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ, ವಿಶ್ರಾಂತಿ ಅಂತ ಬರೆದ ಹೊತ್ತಿನಲ್ಲಿ ಅವನು ಮೂರಿಂಗ್‌ನಲ್ಲಿದ್ದ! ಕಟ್ಟಿದ ಕಥೆಯಾದರೂ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಂಥ ಪಟ್ಟಿ ಎಲ್ಲರೂ ನೋಡಿದವರೇ.

ನನಗೆ ಗೊತ್ತಿರದಿದ್ದ ಒಂದು ಸಣ್ಣ ವಿಷಯ ಇಲ್ಲಿ ಹೇಳಬೇಕು. ಹಡಗಿನಲ್ಲಿ ಚಿಕಿತ್ಸೆ ಕೊಡುವ ಹೊಣೆ ಇರುವವರನ್ನು ಸೇಫ್ಟಿ ಆಫೀಸರ್ ಮಾಡುವುದು ಸರಿಯಲ್ಲ ಅಂತ ಅದೇ ಬ್ರಿಟಿಷ್ ಕೋಡ್ ಹೇಳುತ್ತದೆ. ಗಾಯಾಳುವಿನ ಪಕ್ಕ ಇರಬೇಕಾದವರು ಅದೇ ಹೊತ್ತಿನಲ್ಲಿ ಅಪಘಾತದ ಜಾಗ ನೋಡಿ, ಸಾಕ್ಷಿ ಉಳಿಸಿ, ಫೋಟೋ ತೆಗೆಯಲು ಆಗುವುದಿಲ್ಲ. ಎಷ್ಟು ಯೋಚಿಸಿ ಬರೆದಿದ್ದಾರೆ ಅನ್ನಿಸಿತು.

ಹಡಗಿಗೆ ಸೇರಿದ ಮೇಲೆ ನಿಜವಾದ ಪರೀಕ್ಷೆ. ಸಿಬ್ಬಂದಿ ನಾಲ್ಕು ದೇಶದವರು. ಬೆಳಗ್ಗೆ ಕೆಲಸಕ್ಕೆ ಮುಂಚಿನ ಚಿಕ್ಕ ಸಭೆಯಲ್ಲಿ, ಅಂದರೆ ಟೂಲ್‌ಬಾಕ್ಸ್ ಟಾಕ್‌ನಲ್ಲಿ, ಕೆಲಸ ವಿವರಿಸಿ ಅರ್ಥವಾಯಿತಾ ಅಂದರೆ ಎಲ್ಲರದೂ ಒಂದೇ ಉತ್ತರ: ಯೆಸ್ ಸರ್. ಹೆರಾಲ್ಡ್ ಕಥೆ ಕೇಳಿ ಬಂದವನಿಗೆ ಆ ಉತ್ತರ ಸಾಲಲಿಲ್ಲ. ಎಲ್ಲರಿಗಿಂತ ಕಿರಿಯನಿಂದ ಶುರು ಮಾಡಿ, “ಇವತ್ತಿನ ಕೆಲಸದಲ್ಲಿ ಮೊದಲು ಏನು ಕೆಡಬಹುದು?” ಅಂತ ಕೇಳತೊಡಗಿದೆ. ಕಿರಿಯರಿಂದ ಶುರು ಮಾಡಲು ಕಾರಣವಿದೆ. ಬೋಸನ್ ಮಾತಾಡಿದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಮೊದಲ ವಾರಗಳಲ್ಲಿ ಉತ್ತರವೇ ಬರಲಿಲ್ಲ. ನಾನು ಕಾಯುತ್ತಾ ನಿಂತಿರುತ್ತಿದ್ದೆ.

ಕಂಪನಿ ತಿಂಗಳಿಗೆ ಇಂತಿಷ್ಟು ನಿಯರ್ ಮಿಸ್, ಅಂದರೆ ಸ್ವಲ್ಪದರಲ್ಲಿ ತಪ್ಪಿದ ಅಪಘಾತದ ವರದಿ ಬೇಕು ಅನ್ನುತ್ತಿತ್ತು. ಲೆಕ್ಕ ತುಂಬಲು ಬರುತ್ತಿದ್ದವು ಬರೀ ಅಡುಗೆಮನೆಯ ಒದ್ದೆ ನೆಲ, ಕೈಗವಸು ಹಾಕದವರು. ಈ ಕೋಟಾ ಪದ್ಧತಿಯಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಜವಾದ ಮಾಹಿತಿ ಬಂದದ್ದು ಒಂದು ಸಂಜೆ ಮೆಸ್ ರೂಮಿನಲ್ಲಿ. ಆಯಿಲರ್ ಒಬ್ಬ ಪಕ್ಕದಲ್ಲಿ ಕೂತು, ಎಂಜಿನ್ ರೂಮಿನಲ್ಲಿ ಭಾರ ಎತ್ತುವ ಚೈನ್ ಬ್ಲಾಕ್ ಕೊಕ್ಕೆಯ ಲಾಕ್ ಹಿಡಿಯುತ್ತಿಲ್ಲ, ನಿನ್ನೆ ಭಾರ ಜಾರಿತು ಅಂದ. ಅವನ ಮುಖದಲ್ಲಿ ಹೆದರಿಕೆ ಇತ್ತು. ಸೆಕೆಂಡ್ ಎಂಜಿನಿಯರ್‌ನ ಕರೆದುಕೊಂಡು ಆ ರಾತ್ರಿಯೇ ಹೋಗಿ ನೋಡಿದೆವು. ಚೈನ್ ಬ್ಲಾಕ್ ಬಳಕೆಯಿಂದ ತೆಗೆದು ಟ್ಯಾಗ್ ಕಟ್ಟಿದೆವು. ಮರುದಿನ ಎಲ್ಲರಿಗೂ ವಿಷಯ ಹೇಳಿದೆ, ಹೇಳಿದವನ ಹೆಸರು ಹೇಳಲಿಲ್ಲ. ಅಲ್ಲಿಂದ ಮುಂದೆ ಜನ ತಾವಾಗಿಯೇ ಬರತೊಡಗಿದರು. ಹೇಳಿದ್ದಕ್ಕೆ ಬೇಗ ಏನಾದರೂ ಆಗುತ್ತದೆ ಅಂತ ಕಂಡರೆ ಸಾಕು.

ಮೂರು ತಿಂಗಳಿಗೊಮ್ಮೆ ಹಡಗಿನ ಹೋಗಬಹುದಾದ ಪ್ರತಿ ಜಾಗವನ್ನೂ ಸೇಫ್ಟಿ ಆಫೀಸರ್ ನೋಡಬೇಕು ಅಂತ ಬ್ರಿಟಿಷ್ ಕೋಡ್‌ನಲ್ಲಿದೆ. ನಾನು ಪ್ರತಿ ಸಲವೂ ಆ ಜಾಗದಲ್ಲಿ ಕೆಲಸ ಮಾಡುವವರನ್ನೇ ಜೊತೆಗೆ ಕರೆದೊಯ್ಯುತ್ತಿದ್ದೆ. ಚೆಕ್‌ಲಿಸ್ಟ್‌ನಲ್ಲಿ ಇಲ್ಲದ್ದು ಅವರ ಕಾಲಿಗೆ ಗೊತ್ತಿರುತ್ತದೆ. ಎಲ್ಲಿ ಎಡವುತ್ತೇವೆ, ಯಾವ ವಾಲ್ವ್ ತಿರುಗಿಸಲು ಪೈಪ್ ಮೇಲೆ ನಿಲ್ಲಬೇಕು, ಇಂಥವು.

ಕೆಲಸ ನಿಲ್ಲಿಸುವ ಅಧಿಕಾರದ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವೇ. ಗಂಭೀರ ಅಪಾಯ ಕಣ್ಣೆದುರಿಗಿದ್ದರೆ ಸೇಫ್ಟಿ ಆಫೀಸರ್ ಕೆಲಸ ನಿಲ್ಲಿಸಬಹುದು. ಒಂದು ಮಧ್ಯಾಹ್ನ ಕ್ರೇನ್ ವೈರ್‌ಗೆ ಗ್ರೀಸ್ ಹಚ್ಚುತ್ತಿದ್ದೆವು, ಒಬ್ಬ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಯಲ್ಲಿ ಮೇಲಿದ್ದ. ಬಂದರು ಹತ್ತಿರದಲ್ಲಿತ್ತು, ಅಷ್ಟರೊಳಗೆ ಕ್ರೇನ್ ಸಿದ್ಧವಾಗಬೇಕಿತ್ತು. ಗಾಳಿ ಏರುತ್ತಿತ್ತು. ಹೊಸ ಓ.ಎಸ್. ಹುಡುಗ, ಅಂದರೆ ಕಿರಿಯ ನಾವಿಕ, ನನ್ನ ಬಳಿ ಬಂದು, “ಸರ್, ಮೇಲಿರುವವನ ಕುರ್ಚಿ ತುಂಬಾ ಓಲಾಡ್ತಿದೆ, ನಿಲ್ಲಿಸೋಣ್ವಾ?” ಅಂದ. ಕೆಲಸದ ಅನುಮತಿ ಪತ್ರವಾದ ಪರ್ಮಿಟ್‌ನಲ್ಲಿ ಬರೆದ ಗಾಳಿಯ ಮಿತಿ ಇನ್ನೂ ದಾಟಿರಲಿಲ್ಲ. ಆದರೂ ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿದೆ. ಒಂದು ಗಂಟೆಯಲ್ಲಿ ಗಾಳಿ ತಗ್ಗಿತು. ಕ್ಯಾಪ್ಟನ್‌ಗೆ ಸಂತೋಷವಾಗಲಿಲ್ಲ, ಮಿತಿಯೊಳಗೆ ಇತ್ತಲ್ಲ ಅಂದರು. ಇತ್ತು ಸರ್, ಆದರೆ ಆ ಹುಡುಗ ಮೊದಲ ಸಲ ಬಾಯಿಬಿಟ್ಟ, ಇವತ್ತು ಬೇಡ ಅಂದಿದ್ದರೆ ಮುಂದೆ ಹೇಳುತ್ತಿರಲಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಸರಿ, ಸೇಫ್ಟಿ ಕಮಿಟಿ ಮೀಟಿಂಗ್‌ನಲ್ಲಿ ಅವನ ಹೆಸರು ಹೇಳಿ ಅಭಿನಂದಿಸೋಣ ಅಂದರು. ಹಾಗೇ ಮಾಡಿದರು ಕೂಡ. ಕ್ಯಾಪ್ಟನ್ ಬೆನ್ನಿಗೆ ನಿಲ್ಲದ ಹಡಗಿನಲ್ಲಿ ಸೇಫ್ಟಿ ಆಫೀಸರ್ ಎಷ್ಟು ಕಲಿತಿದ್ದರೂ ಕೆಲಸ ನಡೆಯುವುದಿಲ್ಲ.

ಈ ಕೋರ್ಸ್ ಮಾಡುವವರಿಗೆ ಒಂದೆರಡು ಮಾತು. ಕ್ಯಾಡೆಟ್ ಆಗಿರುವಾಗಲೇ ಸರ್ಟಿಫಿಕೇಟ್‌ಗೋಸ್ಕರ ಮುಗಿಸಿಬಿಡಬೇಡಿ. ಸ್ವಲ್ಪ ಸಮುದ್ರ ಕಂಡು, ಪರ್ಮಿಟ್‌ಗಳಿಗೆ ಸಹಿ ಹಾಕಿ, ಒಂದೆರಡು ಟ್ಯಾಂಕ್‌ಗೆ ಇಳಿದ ಮೇಲೆ ಹೋಗಿ. ಬ್ರಿಟಿಷ್ ಕೋಡ್ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಸೇಫ್ಟಿ ಆಫೀಸರ್ ಬಗೆಗಿನ ಭಾಗ ಓದಿಕೊಳ್ಳಿ. ನಿಮ್ಮ ಹಡಗಿನ ಹಳೆಯ ಕಮಿಟಿ ಮಿನಿಟ್ಸ್ ತಿರುವಿ, ಪ್ರತಿ ಸಲವೂ ‘ಬಾಕಿ’ ಅಂತ ಉಳಿದದ್ದು ಯಾವುದು ಅಂತ ನೋಡಿ. ಮತ್ತೆ ನಿಮ್ಮ ಹಡಗಿನಲ್ಲಿ ದಿನಾ ನಡೆಯುವ, ಆದರೆ ನೋಡುವಾಗ ನಿಮಗೆ ಒಳಗೊಳಗೇ ಕಸಿವಿಸಿಯಾಗುವ ಒಂದು ಕೆಲಸ ಇದ್ದೇ ಇರುತ್ತದೆ. ಅದನ್ನು ಬರೆದುಕೊಂಡು ಹೋಗಿ ತರಗತಿಯ ಮುಂದಿಡಿ. ಅಲ್ಲಿರುವ ಯಾರಾದರೂ ಅದೇ ಕೆಲಸವನ್ನು ಬೇರೆ ರೀತಿ ಮಾಡಿರುತ್ತಾರೆ.